ಶ್ವಾನಪ್ರವೇಶಾನಂತರ ಲಿಂಗಪಲ್ಲಟ ಮೀಮಾಂಸೆ

ಪೀಠಿಕೆ

ಬೀದಿಯಿಂದ ಎತ್ತಿ ಬದುಕಿಸಿದ ನಾಯಿಯೊಂದನ್ನು ದತ್ತು ತಂದಾಗ ಮನೆಯ ಸೋಫಾ, ಚಪ್ಪಲಿ ಮತ್ತು ನಿದ್ದೆಗೆ ಏನಾಗುತ್ತದೆಂದು ಬೇಕಾದಷ್ಟು ಜನ ಗೊಣಗಿದ್ದಾರೆ. ಆ ಮನೆಯ ಕ್ರಿಯಾಪದಗಳಿಗೆ ಏನಾಗುತ್ತದೆಂದು ಮಾತ್ರ ಯಾವ ವಿದ್ವಾಂಸನೂ ತಲೆ ಕೆಡಿಸಿಕೊಂಡಂತಿಲ್ಲ. ಈ ಮಹಾಲೋಪವನ್ನು ತುಂಬಲು, ಯಾರೂ ಕೇಳದಿದ್ದರೂ, ಪ್ರಸ್ತುತ ಪ್ರಬಂಧವನ್ನು ಮಂಡಿಸಲಾಗಿದೆ.

ಪೂರ್ವಸೂರಿಗಳು

ಪಾಣಿನಿ ತನ್ನ ಒಂದು ಸೂತ್ರದಲ್ಲಿ ನಾಯಿ, ಯುವಕ, ದೇವೇಂದ್ರ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ. ಇಂದ್ರ ಆಕ್ಷೇಪಿಸಿದ್ದಕ್ಕೆ ದಾಖಲೆಯಿಲ್ಲ. ಆದರೆ ಸಂಸ್ಕೃತವನ್ನು ನೆಚ್ಚುವಂತಿಲ್ಲ. ಅಲ್ಲಿ ಹೆಂಡತಿ ಎಂಬರ್ಥದ 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ. ಕನ್ನಡಿಗರು ಸಂಸಾರಸ್ಥರು, ಅಂಥ ಸಾಹಸಕ್ಕೆ ಕೈಹಾಕಲಿಲ್ಲ. ನಮ್ಮಲ್ಲಿ ಲಿಂಗ ಅರ್ಥದ ಹಿಂದೆ ಬರುತ್ತದೆ: ಗಂಡಸು ಬಂದನು, ಹೆಂಗಸು ಬಂದಳು, ಮಿಕ್ಕಿದ್ದೆಲ್ಲ ಬಂತು. ಮಳೆ, ಕರೆಂಟು, ಬಸ್ಸು, ನಾಯಿ ಎಲ್ಲಕ್ಕೂ ಒಂದೇ 'ಬಂತು'. ಹಳ್ಳಿಯಲ್ಲಿ ನಾಯಿಗೆ ಕರಿಯ, ಕೆಂಚ ಎಂದು ಗಂಡುಹೆಸರಿಟ್ಟ ಮೇಲೂ 'ಕರಿಯ ಬೊಗಳ್ತು' ಎಂದೇ ಅನ್ನುತ್ತಾರೆ. ಹೆಸರು ಕೊಡುತ್ತಾರೆ, ಪ್ರತ್ಯಯ ಕೊಡುವುದಿಲ್ಲ.

ಈ ಜಿಪುಣತನಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ದೊರೆ ಬೂತುಗ 'ಏನು ಬೇಕೋ ಬೇಡಿಕೋ' ಎಂದ. ಊರು ಕೇಳಬಹುದಿತ್ತು, ಉಂಬಳಿ ಕೇಳಬಹುದಿತ್ತು. ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಎರಡು ಖಂಡುಗ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗುಡಿಯ ಪೂಜಾರಿ ಗೊರವ ಉಂಡರೆ ಪಾಪ ಎಂದು ಬರೆಸಿದ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಭೂಮಿ ಸಿಕ್ಕಿತು, ಪೂಜೆ ಸಿಕ್ಕಿತು. ಆದರೂ ಸಾವಿನ ಕ್ರಿಯಾಪದ ಮಾತ್ರ ನಪುಂಸಕ ಬಹುವಚನ, ಅದೂ ಹಂದಿಯೊಂದಿಗೆ ಜಂಟಿ ಖಾತೆಯಲ್ಲಿ.

ಕ್ಷೇತ್ರಕಾರ್ಯ

ಅಧ್ಯಯನದ ವಸ್ತು: ಬೀದಿಯಲ್ಲಿ ಬೈಕಿಗೆ ಸಿಕ್ಕಿ, ಆಶ್ರಯಧಾಮದಲ್ಲಿ ಚೇತರಿಸಿಕೊಂಡ ಎರಡು ವರ್ಷದ ಕರಿಯ ಹೆಣ್ಣುನಾಯಿ. ನಾಮಧೇಯ, ಶಾಸನಾಧಾರದಿಂದ, ಕಾಳಿ. ಕಿವಿಯ ತುದಿಯಲ್ಲಿ ಒಂದು ಕಚ್ಚು; ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ ಎಂಬುದಕ್ಕೆ ಅದೇ ಶಾಸನ. ಸ್ವಭಾವ: ಕಳ್ಳ ಬಂದರೆ ಟಾರ್ಚು ಹಿಡಿದುಕೊಟ್ಟಾಳು, ಅಷ್ಟು ಸ್ನೇಹಮಯಿ.

ಮಾಹಿತಿದಾರರು: ನಮ್ಮಮ್ಮ, ವಯಸ್ಸು 74, ಮನೆಮಾತು ತುಮಕೂರು ಸೀಮೆಯ ಕನ್ನಡ, ಶ್ವಾನವಿರೋಧಿ.

ಹೊಸ ಮನೆಗೆ ಒಗ್ಗಲು ನಾಯಿಗೆ ಮೂರು ದಿನ, ಮೂರು ವಾರ, ಮೂರು ತಿಂಗಳು ಬೇಕೆಂದು ದತ್ತು ಕೊಡುವವರು ಹೇಳಿ ಕಳಿಸುತ್ತಾರೆ. ಅದು ನಾಯಿಯ ಲೆಕ್ಕವೆಂದು ನಂಬಿದ್ದೆವು. ವ್ಯಾಕರಣದ ಲೆಕ್ಕವೂ ಅದೇ ಎಂಬುದು ನಮ್ಮ ಶೋಧ.

ಮೊದಲ ಮೂರು ದಿನ ಕಾಳಿ ಮಂಚದಡಿಯಿಂದ ಈಚೆ ಬರಲಿಲ್ಲ. ಅಮ್ಮನ ವಾಕ್ಯಗಳು: 'ಅದು ದೇವರಮನೆ ಹೊಸಲು ದಾಟಿದ್ರೆ ನಾನು ಊರಿಗೆ ಹೋಗ್ತೀನಿ.' 'ಅದಕ್ಕೇನು ರೋಗವೋ, ತಿಂತಾನೇ ಇಲ್ಲ.' ಶುದ್ಧ ನಪುಂಸಕ.

ಮೂರನೆಯ ವಾರ ವಿಚಿತ್ರವೊಂದು ನಡೆಯಿತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಳಿ ಬಂದು, ಎರಡಡಿ ದೂರದಲ್ಲಿ ಕೂತು, ಒಂದೊಂದು ಕಾಳು ಪಾತ್ರೆಗೆ ಬಿದ್ದಾಗಲೂ ತಲೆ ಓರೆ ಮಾಡುತ್ತಿದ್ದಳು. ಅರ್ಧ ಮೊರ ಮುಗಿಯುವ ಹೊತ್ತಿಗೆ ಎರಡಡಿ ಅರ್ಧ ಅಡಿಯಾಗಿ, ಗದ್ದ ಅಮ್ಮನ ಪಾದದ ಮೇಲಿತ್ತು. ಅಮ್ಮ ಕಾಲೆಳೆದುಕೊಳ್ಳಲಿಲ್ಲ. 'ನಿಂಗೇನು ಬೇರೆ ಕೆಲಸ ಇಲ್ವಾ?' ಎಂದರು.

ಪಂಡಿತರು ಗಮನಿಸಬೇಕು: ಮಧ್ಯಮ ಪುರುಷ! 'ನೀನು' ಎಂಬುದಕ್ಕೆ ಲಿಂಗವಿಲ್ಲ. ರಾಜರತ್ನಂ ಅವರ ಪ್ರಸಿದ್ಧ ಶಿಶುಗೀತೆಯಲ್ಲಿ ನಾಯಿಮರಿಯ ನೌಕರಿ ಸಂದರ್ಶನ ನಡೆಯುವುದೂ 'ನಾನು–ನೀನು'ಗಳಲ್ಲೇ. ನಾಯಿಯ ಬಗ್ಗೆ ಮಾತಾಡುವುದನ್ನು ಬಿಟ್ಟು ನಾಯಿಯೊಡನೆ ಮಾತಾಡಲು ತೊಡಗಿದವರಿಗೆ ಮತ್ತೆ 'ಅದು'ವಿಗೆ ಮರಳುವ ದಾರಿಯಿಲ್ಲ.

ಮೂರನೆಯ ತಿಂಗಳು ಫಲಿತಾಂಶ ಬಂತು. 'ಅವಳಿಗೆ ಸೆಖೆ, ಫ್ಯಾನ್ ಹಾಕು.' 'ಈರುಳ್ಳಿ ಹಾಕಿರೋ ಸಾರು ಅವಳಿಗೆ ಆಗಲ್ಲ, ಡಾಕ್ಟ್ರು ಹೇಳಿಲ್ವಾ?' 'ಅವಳು ಉಣ್ಣದೆ ನೀನು ತಟ್ಟೆ ಇಟ್ಕೋಬೇಡ.' ಆತಕೂರಿನ ಗೊರವನಿಗೆ ವಿಧಿಸಿದ ನಿಯಮ ಸಾವಿರ ವರ್ಷದ ಮೇಲೆ ನಮ್ಮ ಅಡುಗೆಮನೆಯಲ್ಲಿ ಪುನರ್ಜಾರಿಯಾಯಿತು. ವೈದ್ಯರು ಹರಣ ಮಾಡಿದ್ದನ್ನು ವ್ಯಾಕರಣ ಹಿಂದಿರುಗಿಸಿತು.

ಪೂರ್ವಪಕ್ಷ

ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ 'ಅದು' ಎನ್ನುವುದರಿಂದ ನಿಮ್ಮ ಸಿದ್ಧಾಂತ ಅಲ್ಲಿ ನಿಲ್ಲದು ಎಂದು ಶಿರಸಿಯ ಮಿತ್ರರೊಬ್ಬರ ಆಕ್ಷೇಪ. ಸರಿಯೇ. ಅಲ್ಲಿ ನಾಯಿ ಮೊದಲ ದಿನವೇ ಮನೆಯ ಹೆಣ್ಣುಮಕ್ಕಳ ಪಂಕ್ತಿಯಲ್ಲಿರುತ್ತದೆ ಎಂಬುದೇ ನಮ್ಮ ಉತ್ತರ.

ಸಿದ್ಧಾಂತ

ಆದರೆ ಒಂದು ಪ್ರಶ್ನೆ ಉಳಿಯಿತು. ಕಾಳಿ ಬಿಟ್ಟುಕೊಟ್ಟ ನಪುಂಸಕಲಿಂಗ ಎಲ್ಲಿ ಹೋಯಿತು? ಪ್ರತ್ಯಯವೆಂದರೆ ಸುಮ್ಮನೆ ಆವಿಯಾಗುವ ವಸ್ತುವಲ್ಲ. ಈ ಪ್ರಬಂಧ ಬರೆಯುತ್ತಿದ್ದ ರಾತ್ರಿ, ಹನ್ನೊಂದು ದಾಟಿದ ಮೇಲೆ, ಅಮ್ಮ ಊರಿನ ಚಿಕ್ಕಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ಉತ್ತರ ಅಲ್ಲಿ ಸಿಕ್ಕಿತು:

'ಕಾಳೀನಾ? ಪಾಪ, ಅವಳಾಗಲೇ ಮಲಗಿದಾಳೆ. ಇದು ನೋಡು, ಇನ್ನೂ ಏನೋ ಗೀಚ್ತಾ ಕೂತಿದೆ.'