ಶೀರ್ಷಾಸನ ಹಾಕಿದ ರಾಣಿ

ಅಂಚೆಚೀಟಿ ಕೂಡಿಡುತ್ತೇನೆ ಎಂದು ಜ್ಞಾನಭಾರತಿಯಲ್ಲಿ ಯಾರ ಮುಂದಾದರೂ ಬಾಯಿಬಿಟ್ಟಿರೋ, ಕೆಟ್ಟಿರಿ. ಕ್ಯಾಂಪಸ್ಸಿನ ಮರಗಳಡಿ ವಾಕಿಂಗ್ ಮಾಡುವವರೆಲ್ಲ ತಡೆದು ನಿಲ್ಲಿಸುತ್ತಾರೆ: "ನಮ್ಮ ತಾತನ ಟ್ರಂಕಿನಲ್ಲಿ ಗಂಡಭೇರುಂಡದ ಸ್ಟಾಂಪಿದೆ ಕಣ್ರೀ, ಎಷ್ಟು ಕೋಟಿ ಬರಬಹುದು?" ಕೋಟಿಗಿಂತ ಕೆಳಗೆ ಯಾರೂ ಇಳಿಯುವುದಿಲ್ಲ. ಸೈಟಿನ ರೇಟು ಮಾತಾಡಿ ಮಾತಾಡಿ ಪಳಗಿದ ನಾಲಿಗೆ!

ಮೈಸೂರು ಸಂಸ್ಥಾನಕ್ಕೆ ಸ್ವಂತ ಅಂಚೆ ಇದ್ದದ್ದು ನಿಜ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾಗಿ, 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಆದರೆ ಆ ಅಂಚೆ ಒಂದೇ ಒಂದು ಅಂಚೆಚೀಟಿಯನ್ನೂ ಹೊರಡಿಸಲಿಲ್ಲ. ತಾತನದು ಬಹುಶಃ ಕೋರ್ಟ್ ಫೀ ಸ್ಟಾಂಪು. ಹಕ್ಕಿಗೆ ಎರಡು ತಲೆ ಯಾಕೆಂದರೆ ವಾದಿಗೊಂದು, ಪ್ರತಿವಾದಿಗೊಂದು. ನಿಜವಾಗಿ ಹುಡುಕಬೇಕಾದದ್ದು ಮೈಸೂರು ಅಂಚೆಯ ಮುದ್ರೆ ಬಿದ್ದ ಮಡಿಸಿದ ಕಾಗದ. ನೋಡಲು ಅಂದವಿಲ್ಲ, ಹಾಗಾಗಿ ಹಂಡೆ ಒಲೆಗೆ ಹೋಗಿರುತ್ತದೆ.

ಅಪರೂಪ ಅಂದರೆ ಏನು ಗೊತ್ತೆ? 1854ರ ನಾಲ್ಕಾಣೆ ಚೀಟಿಯನ್ನು ಕಲ್ಕತ್ತೆಯಲ್ಲಿ ಎರಡು ಸಲ ಅಚ್ಚು ಹಾಕಿದರು, ಕೆಂಪು ಚೌಕಟ್ಟು ಒಮ್ಮೆ, ನೀಲಿ ತಲೆ ಇನ್ನೊಮ್ಮೆ. ಯಾರೋ ಹಾಳೆ ತಿರುಗಾಮುರುಗಾ ಇಟ್ಟರು, ವಿಕ್ಟೋರಿಯಾ ರಾಣಿ ಶೀರ್ಷಾಸನ ಹಾಕಿದಳು. ಅಷ್ಟೇ. ಇನ್ನು 1948ರ ಗಾಂಧಿ ಹತ್ತು ರೂಪಾಯಿ ಚೀಟಿ. ಅದರಲ್ಲಿ ಗವರ್ನರ್ ಜನರಲ್ ಕಚೇರಿಗೆಂದು 'ಸರ್ವಿಸ್' ಎಂದು ಮೇಲಚ್ಚು ಹಾಕಿದ್ದು ಬರೀ 100. ಅಂಥ ನಾಲ್ಕರ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಹೋಯಿತು. ಮೇಲಚ್ಚಿಲ್ಲದ ಗಾಂಧಿ ಸಿಕ್ಕರೂ ಖುಷಿಪಡಿ, ಮನೆ ಕಟ್ಟುವ ಪ್ಲಾನು ಮಾತ್ರ ಬೇಡ.

2006ರ ಶ್ರೀಗಂಧದ ಹದಿನೈದು ರೂಪಾಯಿ ಚೀಟಿಯ ಕಥೆ ಬೇರೆ. ದೇಶದ ಮೊದಲ ಪರಿಮಳದ ಚೀಟಿ ಅದು. ಕೈಗೆ ಬಂದವರೆಲ್ಲ ಉಜ್ಜಿ ಮೂಸಿ, ಉಜ್ಜಿ ಮೂಸಿ, ಅದರ ಮುಖಕ್ಕೆ ಎಣ್ಣೆ ಹಿಡಿಸಿಬಿಟ್ಟರು.

ನನ್ನ ಹೊಟ್ಟೆ ಉರಿಯುವುದು ನಮ್ಮ ನಿವೃತ್ತ ಪ್ರೊಫೆಸರುಗಳ ಮನೆಯಲ್ಲಿ. ಹೊರದೇಶದ ವಿಶ್ವವಿದ್ಯಾಲಯಗಳಿಂದ ಬಂದ ಕಾಗದಗಳು, 1972ರಲ್ಲಿ ಪಿನ್‌ಕೋಡ್ ಬರುವ ಮುಂಚಿನ ವಿಳಾಸಗಳು, ಮಾಸಿದ ದುಂಡು ಮುದ್ರೆಗಳು. ಮೊಮ್ಮಗ ಕತ್ತರಿ ಹಿಡಿದು ಚೀಟಿಯನ್ನಷ್ಟೇ ಕತ್ತರಿಸುತ್ತಾನೆ. ಮುದ್ರೆ ಅರ್ಧಕ್ಕೆ ತುಂಡು, ತಾರೀಖು ಊರು ಎಲ್ಲ ಗುಜರಿಗೆ. ಎಷ್ಟೋ ಸಲ ಚೀಟಿಗೆ ಎರಡು ರೂಪಾಯಿಯೂ ಇಲ್ಲ, ಬೆಲೆಯಿದ್ದದ್ದು ಲಕೋಟೆಗೆ.

ಆದ್ದರಿಂದ ಹಳೇ ಲಕೋಟೆ ಸಿಕ್ಕರೆ ಕತ್ತರಿ ಒಳಗಿಟ್ಟು ಇಡಿಯಾಗಿ ತನ್ನಿ. ಕಾಫಿ ನನ್ನ ಲೆಕ್ಕ. ಕೋಟಿಯ ಮಾತು ಮಾತ್ರ ಎತ್ತಬೇಡಿ.