ಮಣಿಕಟ್ಟಿನ ಕಣಿ

‘ಏನ್ರೀ ರಾಯರೇ, ನಿಮ್ಮ ಕೈಪಟ್ಟಿ ಮಾನಸಿಕ ಒತ್ತಡ 90 ಅಂತ ತೋರಿಸ್ತಿದೆ?’ ಎಂದರು ಮ್ಯಾನೇಜರು. ‘ಲಿಫ್ಟ್ ಕೆಟ್ಟಿದೆ ಸಾರ್, ನಾಲ್ಕು ಮಹಡಿ ಹತ್ತಿ ಬಂದೆ.’ ರಾಯರ ಮಾತೇ ಸರಿ. ಕೈಪಟ್ಟಿ ಅಳೆಯುವುದು ಎದೆಬಡಿತವನ್ನು, ಚರ್ಮದ ಬೆವರನ್ನು, ಮನಸ್ಸನ್ನಲ್ಲ. ಭಯ, ಪ್ರೇಮ, ಸ್ಟ್ರಾಂಗ್ ಕಾಫಿ ಮೂರಕ್ಕೂ ಬಡಿತ ಏರೀತು. ಲೈಡನ್ ವಿಶ್ವವಿದ್ಯಾಲಯದವರು ಸುಮಾರು 800 ಯುವಜನರ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಮಾರ್ಟ್ ಕೈಗಡಿಯಾರ ತೋರಿಸಿದ ಒತ್ತಡಕ್ಕೂ ಆ ಯುವಜನರೇ ಹೇಳಿಕೊಂಡ ಒತ್ತಡಕ್ಕೂ ಹೆಚ್ಚುಕಡಿಮೆ ಸಂಬಂಧವೇ ಕಾಣಲಿಲ್ಲ.

‘ಆದರೂ ಮುನ್ನೆಚ್ಚರಿಕೆ ಒಳ್ಳೇದಲ್ವೇನ್ರೀ?’ ಒಳ್ಳೆಯದೇ, ಅದು ಪಟ್ಟಿ ಕಟ್ಟಿಕೊಂಡವರಿಗಷ್ಟೇ ತಲುಪಿದರೆ. ಮೇಲಧಿಕಾರಿಯ ಪರದೆಗೆ ಹೋದರೆ ಅದೇ ಹೊಸ ಒತ್ತಡ. ಐರೋಪ್ಯ ಒಕ್ಕೂಟವಂತೂ 2025ರ ಫೆಬ್ರುವರಿಯಿಂದ ಕಚೇರಿ, ಶಾಲೆಗಳಲ್ಲಿ ಎಐನಿಂದ ಭಾವನೆ ಅಳೆಯುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ. ‘ನಮ್ಮದು ಯುರೋಪಲ್ಲವಲ್ಲ!’ ‘ಅಲ್ಲ ಸಾರ್. ತಾವೂ ಒಂದು ಕಟ್ಟಿಕೊಳ್ತೀರಾ?’ ‘ನನಗ್ಯಾಕ್ರೀ? ನನಗೇನು ಒತ್ತಡವೇ!’