ಪರ್ಯಾಪ್ತಾಪರ್ಯಾಪ್ತ ಮೀಮಾಂಸೆ: ಕೊಳ್ಳೇಗಾಲ ಸೀಮೆಯ ಒಂದು ಅಧ್ಯಯನ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ 'ದತ್ತಾಂಶ ಪರ್ಯಾಪ್ತತೆ' ಎಂಬ ಶಾಸ್ತ್ರವೊಂದುಂಟು. ಮೇಲೆ ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಕಂಡುಹಿಡಿಯಬೇಕಿಲ್ಲ; ಕಂಡುಹಿಡಿಯಲು ಕೊಟ್ಟದ್ದು ಸಾಕೋ ಸಾಲದೋ ಹೇಳಿದರೆ ಆಯಿತು. ಯಳಂದೂರಿನ ಸಂತೆಯಲ್ಲಿ ಚೀಲ ಹಿಡಿದು ನಿಂತ ಯಾವ ಅಜ್ಜಿಯಾದರೂ ಮಾಡುವ ಈ ಕೆಲಸಕ್ಕೆ ಸಂಸ್ಕೃತದ ಹೆಸರು ಸಿಕ್ಕಿದ್ದೇ ತಡ, ವಿದ್ವಾಂಸರಿಗೆ ವರ್ಗೀಕರಣದ ಜ್ವರ ಏರಿತು.

ಆದ್ದರಿಂದ ವರ್ಗೀಕರಣ. ಮೊದಲ ಹೇಳಿಕೆಯೊಂದೇ ಸಾಕಾದರೆ ಪೂರ್ವೋಕ್ತಿಪರ್ಯಾಪ್ತಿ. ಎರಡನೆಯದೊಂದೇ ಸಾಕಾದರೆ ಉತ್ತರೋಕ್ತಿಪರ್ಯಾಪ್ತಿ. ಯಾವುದೊಂದಾದರೂ ನಡೆದರೆ ವೈಕಲ್ಪಿಕಪರ್ಯಾಪ್ತಿ. ಎರಡೂ ಕೂಡಿಯೇ ಸಾಕಾದರೆ ದಾಂಪತ್ಯಪರ್ಯಾಪ್ತಿ. ಕೂಡಿಯೂ ಸಾಲದಿದ್ದರೆ, ಅದೂ ದಾಂಪತ್ಯವೇ. ಮ್ಯಾನೇಜ್‌ಮೆಂಟ್ ಶಾಲೆಗಳ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ನಲ್ಲೂ ಇವೇ ಐದು ಆಯ್ಕೆ. 2023ರ ಕೊನೆಗೆ ಜಿಮ್ಯಾಟ್ ನಡೆಸುವವರು ಇದನ್ನು ಗಣಿತದಿಂದ ಎತ್ತಿ ಬೇರೆ ವಿಭಾಗಕ್ಕೆ ಹಾಕಿದರು.

ಪ್ರಯೋಗ ಒಂದು. ಯಳಂದೂರಿನ ನೆರೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರ, 2004. ಗೆದ್ದವರು ಯಾರು? ಹೇಳಿಕೆ 1: ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಹೇಳಿಕೆ 2: ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಒಂದೇ ಮತದ ಅಂತರ ಊರಿಗೆಲ್ಲ ಗೊತ್ತಿರುವ ಕಥೆ, ಹಾಗಾಗಿ ಎಲ್ಲರೂ ದಾಂಪತ್ಯಪರ್ಯಾಪ್ತಿಗೆ ಗುರುತು ಹಾಕುತ್ತಾರೆ. ಶಾಸ್ತ್ರ ಒಪ್ಪುವುದಿಲ್ಲ. ಮೂರನೆಯ ಅಭ್ಯರ್ಥಿ ಎಷ್ಟು ಮತ ಪಡೆದರೆಂದು ಎಲ್ಲಿ ಹೇಳಿದೆ? ಊರಿಗೆ ಗೊತ್ತಿರುವುದನ್ನು ಮರೆತು ಕಾಗದದಲ್ಲಿರುವುದನ್ನಷ್ಟೇ ನಂಬುವವನಿಗೆ ಇಲ್ಲಿ ಅಂಕ.

ಪ್ರಯೋಗ ಎರಡು, ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆ. ಅಂಕಿಗಳು ಲೆಕ್ಕಕ್ಕೆಂದು ಊಹಿಸಿದವು. ಈ ಬೆಳೆಯಲ್ಲಿ ರೈತನಿಗೆ ಉಳಿದದ್ದೆಷ್ಟು? ಹೇಳಿಕೆ 1: ಗೂಡು 60 ಕಿಲೋ. ಹೇಳಿಕೆ 2: ಹರಾಜಿನಲ್ಲಿ ಕಿಲೋಗೆ 500 ರೂಪಾಯಿ. ಕೋಚಿಂಗ್ ಮುಗಿಸಿ ಬಂದ ಹುಡುಗ ಗುಣಿಸಿ, 30,000 ಎಂದು ಬೀಗುತ್ತಾನೆ. ಅದು ಕೈಗೆ ಬಂದದ್ದು, ಕೇಳಿದ್ದು ಉಳಿದದ್ದು. ಮೊಟ್ಟೆಯ ದುಡ್ಡು, ತೋಟದ ಗೊಬ್ಬರ, ಸೊಪ್ಪು ಕೊಯ್ದವರ ಕೂಲಿ, ಗೂಡು ಕಟ್ಟಿಸುವ ಚಂದ್ರಿಕೆಯ ಬಾಡಿಗೆ ಯಾವ ಹೇಳಿಕೆಯಲ್ಲೂ ಇಲ್ಲ. ಹಾಲುತೊಂಡೆ ರೋಗಕ್ಕೆ ಹೋದ ಹುಳುಗಳ ಲೆಕ್ಕವಂತೂ ಇಲ್ಲವೇ ಇಲ್ಲ. ಹುಡುಗನ ಅಪ್ಪನಾಗಿದ್ದರೆ ಪ್ರಶ್ನೆ ಓದಿ ಮುಗಿಸುವ ಮೊದಲೇ 'ಸಾಲ್ದು' ಅನ್ನುತ್ತಿದ್ದ.

ಇನ್ನು ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು. ದೂರ, ವೇಗ ಎರಡನ್ನೂ ಕೊಟ್ಟರೂ ತಲುಪುವ ಹೊತ್ತು ಹೇಳಲಾಗದು, ಅಂದು ಬೆಟ್ಟಕ್ಕೆ ಜನ ನೆರೆಯುವ ಅಮಾವಾಸ್ಯೆಯೋ ಅಲ್ಲವೋ ತಿಳಿಯುವ ತನಕ.

ಇಲ್ಲಿ ದಾಂಪತ್ಯಪರ್ಯಾಪ್ತಿಯ ಉಪವರ್ಗಗಳನ್ನು ವಿವರಿಸಬೇಕಿತ್ತು. ಬೇಡ. ಹೇಳಬೇಕಾದದ್ದು ಬೇರೆ ಇದೆ.

ಕೆಎಎಸ್ ಪೂರ್ವಭಾವಿಯ ಎರಡನೇ ಪತ್ರಿಕೆಯ ಪಠ್ಯಕ್ರಮದಲ್ಲಿ ಈ ಶಾಸ್ತ್ರವುಂಟು, ಹತ್ತನೇ ತರಗತಿಯ ಮಟ್ಟದ್ದು. 2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ನಡೆದ ಆ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ನಿಲ್ಲಲಿಲ್ಲ. ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಕೇಂದ್ರದ ಯುಪಿಎಸ್‌ಸಿ ಪೂರ್ವಭಾವಿಗೆ ಆ ಗೊಂದಲವೂ ಇಲ್ಲ: ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ.

ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿನ ಹನೂರು ತಾಲ್ಲೂಕೂ ಆಗ ಅದರೊಳಗೇ. ಕನ್ನಡದ ಸೀಮೆ ಎಂಬ ಒಂದೇ ಕಾರಣಕ್ಕೆ ಮೈಸೂರಿಗೆ ಬಂದ ನೆಲವಿದು. ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಲೆಕ್ಕ ಕಲಿತವರು ಕನ್ನಡದ್ದೇ ಸರ್ಕಾರದ ಕೆಲಸಕ್ಕೆ ಪರೀಕ್ಷೆ ಬರೆಯುವಾಗ, ಪ್ರಶ್ನೆಯ ಕನ್ನಡ ಬಿಡಿಸಲು ಇಂಗ್ಲಿಷ್ ಸಾಲಿಗೆ ಕಣ್ಣು ಹಾಯಿಸಬೇಕು. ಶಾಸ್ತ್ರ, ಮೀಮಾಂಸೆ, ಪರ್ಯಾಪ್ತಿ ಎಲ್ಲ ಹಾಳಾಗಲಿ. ಒಂದು ಪ್ರಶ್ನೆಯನ್ನು ಅರ್ಥವಾಗುವ ಹಾಗೆ ಬರೆಯಲು ಎಷ್ಟು ಜನ ಬೇಕು?

ಅನುಬಂಧ. ಪ್ರಶ್ನೆ: ಹನೂರಿನ ಅಭ್ಯರ್ಥಿಯೊಬ್ಬಳು ಎರಡನೇ ಸಲವೂ ಎಡವಿದ್ದು ಗಣಿತದಲ್ಲೋ, ಅನುವಾದದಲ್ಲೋ? ಹೇಳಿಕೆ 1: ಕನ್ನಡದ ಸಾಲನ್ನು ಅವಳು ಮೂರು ಸಲ ಓದಿದಳು. ಹೇಳಿಕೆ 2: ಇಂಗ್ಲಿಷ್ ಸಾಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.